ಸ್ತ್ರೀಯರ ಲೈಂಗಿಕಾಸಕ್ತಿಯ ಕೊರತೆ ಮತ್ತು ಔಷಧ ವಿವಾದ

ಸ್ತ್ರೀಯೊಬ್ಬಳಲ್ಲಿ ಲೈಂಗಿಕಾಸಕ್ತಿಯು ದೀರ್ಘಕಾಲ ಕುಂದಿ, ಆ ಕಾರಣದಿಂದ ಆಕೆಗೇ ಮನೋವ್ಯಥೆ ಉಂಟಾಗುವ ಸ್ಥಿತಿಯನ್ನು ವೈದ್ಯಶಾಸ್ತ್ರವು ಲೈಂಗಿಕಾಸಕ್ತಿ ಕೊರತೆಯ ದೋಷ ಎಂದು ಗುರುತಿಸುತ್ತದೆ. ಈ ವ್ಯಾಖ್ಯೆಯಲ್ಲಿ 'ಆಕೆಗೇ' ಎಂಬ ಮಾತು ಮುಖ್ಯವಾದುದು. ಪತಿಯ ಅಥವಾ ಮನೆಯವರ ದೂರು ಮಾತ್ರವೇ ರೋಗನಿರ್ಣಯಕ್ಕೆ ಆಧಾರವಾಗದು. ಈ ಸ್ಥಿತಿಯು ಔಷಧಿಯಿಂದ ಗುಣಪಡಿಸಬೇಕಾದ ರೋಗವೇ, ದುಡಿಮೆ, ಆಯಾಸ, ದಾಂಪತ್ಯದ ಒಡಕು ಮೊದಲಾದವುಗಳ ಸಹಜ ಪರಿಣಾಮವೇ ಎಂಬ ಚರ್ಚೆ 1990ರ ದಶಕದ ಕೊನೆಯಿಂದ ನಡೆದುಬಂದಿದೆ. ಈ ಲೇಖನವು ಆ ಚರ್ಚೆಯನ್ನೂ, ಕರ್ನಾಟಕದಲ್ಲಿ, ವಿಶೇಷವಾಗಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಂಥ ಗ್ರಾಮೀಣ ಪ್ರದೇಶದಲ್ಲಿ ಅದಕ್ಕಿರುವ ಸಂಬಂಧವನ್ನೂ ವಿವರಿಸುತ್ತದೆ.

ಹಿನ್ನೆಲೆ

1998ರ ಮಾರ್ಚ್‌ನಲ್ಲಿ ಪುರುಷರ ನಿಮಿರು ದೌರ್ಬಲ್ಯಕ್ಕೆ ವಯಾಗ್ರ ಗುಳಿಗೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ನೀಡಿತು. ಅದರ ಮಾರಾಟ ಕಂಡ ಕಂಪನಿಗಳು ಸ್ತ್ರೀಯರಿಗೂ ಅಂಥದೊಂದು ಗುಳಿಗೆ ಸಾಧ್ಯವೇ ಎಂದು ಅರಸತೊಡಗಿದವು. ಮರುವರ್ಷ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಲಾಮನ್ ಮತ್ತು ಸಂಗಡಿಗರ ಲೇಖನವು ಶೇ. 43ರಷ್ಟು ಸ್ತ್ರೀಯರಿಗೆ ಲೈಂಗಿಕ ತೊಂದರೆಯಿದೆ ಎಂದು ಹೇಳಿತು. ಈ ಅಂಕಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಏಳು ಪ್ರಶ್ನೆಗಳಲ್ಲಿ ಯಾವುದಾದರೊಂದಕ್ಕೆ 'ಹೌದು' ಎಂದವರನ್ನೆಲ್ಲ ಆ ಲೆಕ್ಕಕ್ಕೆ ಸೇರಿಸಲಾಗಿತ್ತು. ಅದರಿಂದ ಅವರಿಗೆ ಸಂಕಟವಾಗಿತ್ತೇ ಎಂದು ಕೇಳಿರಲಿಲ್ಲ.

2000ದಲ್ಲಿ ಮನಶ್ಶಾಸ್ತ್ರಜ್ಞೆ ಲಿಯನೋರ್ ಟೀಫರ್ ಅವರ ನೇತೃತ್ವದಲ್ಲಿ 'ಹೊಸ ನೋಟ' ಎಂಬ ಪ್ರತಿಚಳವಳಿ ಆರಂಭವಾಯಿತು. ಸ್ತ್ರೀಯರ ಲೈಂಗಿಕ ಕಷ್ಟಗಳಿಗೆ ಸಾಮಾಜಿಕ, ಆರ್ಥಿಕ ಹಾಗೂ ದಾಂಪತ್ಯದ ಕಾರಣಗಳೇ ಹೆಚ್ಚೆಂದೂ, ಅವನ್ನು ದೇಹದೋಷವೆಂದು ಕರೆಯುವುದು ತಪ್ಪೆಂದೂ ಅದರ ವಾದ. 2003ರಲ್ಲಿ ಪತ್ರಕರ್ತ ರೇ ಮೊಯ್ನಿಹಾನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಔಷಧ ಕಂಪನಿಗಳ ಹಣದ ನೆರವಿನಿಂದ ನಡೆದ ಸಭೆಗಳಲ್ಲಿ ಈ ರೋಗದ ಪರಿಕಲ್ಪನೆಯೇ ರೂಪುಗೊಂಡಿತೆಂದು ಬರೆದರು. ಅದೇ ಅವಧಿಯಲ್ಲಿ ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ ಬೇರೊಂದು ಮಾದರಿಯನ್ನು ಮುಂದಿಟ್ಟರು. ಅನೇಕ ಸ್ತ್ರೀಯರಲ್ಲಿ ಬಯಕೆ ತಾನಾಗಿ ಮೊದಲು ಹುಟ್ಟುವುದಿಲ್ಲ, ಆತ್ಮೀಯತೆ ಮತ್ತು ಸ್ಪರ್ಶಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟುತ್ತದೆ ಎಂಬುದು ಅದರ ಸಾರ. ಇದನ್ನು ಒಪ್ಪಿದರೆ, ಬಯಕೆ ಮೊದಲೇ ಇಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ರೋಗಿಯೆನ್ನಲಾಗದು.

ಫ್ಲಿಬ್ಯಾನ್ಸೆರಿನ್

ಚರ್ಚೆಯ ಕೇಂದ್ರದಲ್ಲಿರುವ ಫ್ಲಿಬ್ಯಾನ್ಸೆರಿನ್ ಮೂಲತಃ ಖಿನ್ನತೆಯ ಔಷಧಿಯಾಗಿ ಜರ್ಮನಿಯ ಬೋರಿಂಗರ್ ಇಂಗೆಲ್ಹೈಮ್ ಕಂಪನಿಯಲ್ಲಿ ಅಭಿವೃದ್ಧಿಗೊಂಡಿತು. ಖಿನ್ನತೆಗೆ ಅದು ಫಲ ಕೊಡಲಿಲ್ಲ. ಕಾಮಾಸಕ್ತಿಯ ಮೇಲೆ ಪರಿಣಾಮ ಇರಬಹುದೆಂದು ತೋರಿದ್ದರಿಂದ ಆ ದಿಕ್ಕಿನಲ್ಲಿ ಪರೀಕ್ಷೆಗಳು ನಡೆದವು. ಇದು ರಕ್ತನಾಳಗಳ ಮೇಲೆ ಕೆಲಸ ಮಾಡುವ ವಯಾಗ್ರದಂಥದಲ್ಲ. ಮಿದುಳಿನ ಸೆರೊಟೋನಿನ್ ಗ್ರಾಹಕಗಳ ಮೇಲೆ ವರ್ತಿಸುವ ಇದನ್ನು ಬೇಕೆನಿಸಿದಾಗ ಅಲ್ಲ, ಪ್ರತಿ ರಾತ್ರಿ ಮಲಗುವ ಮುನ್ನ 100 ಮಿಲಿಗ್ರಾಂ ಪ್ರಮಾಣದಲ್ಲಿ ಸೇವಿಸಬೇಕು. ಪತ್ರಿಕೆಗಳು ಇದನ್ನು 'ಸ್ತ್ರೀಯರ ವಯಾಗ್ರ' ಎಂದು ಕರೆದದ್ದು ಆದ್ದರಿಂದ ದಾರಿತಪ್ಪಿಸುವ ಹೆಸರು.

2010ರಲ್ಲಿ ಅಮೆರಿಕದ ಸಲಹಾ ಸಮಿತಿ ಇದನ್ನು ತಿರಸ್ಕರಿಸಿತು. ಬೋರಿಂಗರ್ ಕೈಬಿಟ್ಟ ಔಷಧಿಯನ್ನು ಸ್ಪ್ರೌಟ್ ಎಂಬ ಸಣ್ಣ ಕಂಪನಿ ಕೊಂಡಿತು. 2013ರಲ್ಲಿ ಮತ್ತೆ ಅನುಮತಿ ದೊರೆಯಲಿಲ್ಲ. ಬಳಿಕ ಸ್ಪ್ರೌಟ್‌ನ ಹಣಕಾಸಿನ ನೆರವಿದ್ದ ಪ್ರಚಾರಾಂದೋಲನವೊಂದು, ಪುರುಷರಿಗೆ 26 ಔಷಧಿಗಳಿದ್ದರೂ ಸ್ತ್ರೀಯರಿಗೆ ಒಂದೂ ಇಲ್ಲವೆಂದು ಲಿಂಗ ಸಮಾನತೆಯ ಪ್ರಶ್ನೆಯನ್ನೆತ್ತಿತು. ಆ ಲೆಕ್ಕವನ್ನು ಔಷಧ ಆಡಳಿತ ಒಪ್ಪಲಿಲ್ಲ. 2015ರ ಜೂನ್‌ನಲ್ಲಿ ಸಲಹಾ ಸಮಿತಿಯು ಸುರಕ್ಷತಾ ಷರತ್ತುಗಳೊಡನೆ 18–6 ಮತಗಳಿಂದ ಅನುಮೋದಿಸಿ, ಆಗಸ್ಟ್ 18ರಂದು ಆಡಳಿತವು ಆಡ್ಡಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಅನುಮತಿ ಕೊಟ್ಟಿತು. ಎರಡೇ ದಿನಗಳಲ್ಲಿ ಕೆನಡಾದ ವೇಲಿಯಂಟ್ ಕಂಪನಿಯು ಸ್ಪ್ರೌಟ್ ಅನ್ನು ಸುಮಾರು 100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು.

ಫಲವೆಷ್ಟು ಎಂಬ ಪ್ರಶ್ನೆಗೆ 2016ರಲ್ಲಿ ಪ್ರಕಟವಾದ ಒಟ್ಟು ವಿಶ್ಲೇಷಣೆ ಉತ್ತರ ನೀಡಿತು: ಪೊಳ್ಳು ಗುಳಿಗೆಗೆ ಹೋಲಿಸಿದರೆ ತೃಪ್ತಿಕರ ಸಮಾಗಮಗಳ ಹೆಚ್ಚಳ ತಿಂಗಳಿಗೆ ಸರಾಸರಿ ಅರ್ಧ. ತಲೆಸುತ್ತು, ತೂಕಡಿಕೆ, ವಾಕರಿಕೆ ಸಾಮಾನ್ಯ. ರಕ್ತದೊತ್ತಡ ಇಳಿದು ಮೂರ್ಛೆ ಹೋಗುವ ಅಪಾಯವೂ ಇದೆ. ಮದ್ಯದೊಂದಿಗಿನ ಅಪಾಯವನ್ನು ಅಳೆಯಲು ನಡೆಸಿದ ಪರೀಕ್ಷೆಯಲ್ಲಿದ್ದ 25 ಜನರಲ್ಲಿ 23 ಮಂದಿ ಪುರುಷರು! ಸ್ತ್ರೀಯರಿಗೆಂದೇ ತಯಾರಾದ ಗುಳಿಗೆಯ ವಿಷಯದಲ್ಲಿ ಇದು ವಿಚಿತ್ರವೇ ಸರಿ. ಬಿಳಿಮುಟ್ಟಿನ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ಜೊತೆಗೂ ಇದನ್ನು ಸೇವಿಸಬಾರದು. ಎಂಟು ವಾರಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕೆಂಬುದು ಸೂಚನೆ. ಬೆಂಬಲಿಗರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಯಕೆ ಮರಳಿತೆಂದು ಹೇಳಿದ ಸ್ತ್ರೀಯರಿದ್ದಾರೆ, ಅವರ ಸಂಕಟ ಕಲ್ಪಿತವಲ್ಲ. ಸ್ತ್ರೀಯರ ಅಪಾಯವನ್ನು ತೂಗುವಾಗ ಮಾತ್ರ ಇಷ್ಟು ಬಿಗಿ ಏಕೆ ಎಂದು ಅವರು ಕೇಳುತ್ತಾರೆ.

ಇತರ ಔಷಧಿಗಳು

2019ರ ಜೂನ್‌ನಲ್ಲಿ ಬ್ರೆಮೆಲನೋಟೈಡ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಗತ್ಯ ಸಮಯಕ್ಕೆ ಕನಿಷ್ಠ 45 ನಿಮಿಷ ಮೊದಲು ಚರ್ಮದಡಿ ಚುಚ್ಚಿಕೊಳ್ಳಬೇಕು. ಸುಮಾರು ಶೇ. 40 ಮಂದಿಗೆ ವಾಕರಿಕೆ ಬಂದಿತ್ತು. ಟೆಸ್ಟೊಸ್ಟೆರೋನ್ ಅನ್ನು ಋತುಬಂಧದ ನಂತರದ ಸ್ತ್ರೀಯರಿಗೆ ಸೀಮಿತವಾಗಿ ಬಳಸಬಹುದೆಂದು 2019ರ ಅಂತಾರಾಷ್ಟ್ರೀಯ ಒಮ್ಮತದ ಹೇಳಿಕೆ ಒಪ್ಪಿದೆ.

ಕರ್ನಾಟಕದಲ್ಲಿ

ಕನ್ನಡದಲ್ಲಿ ಕಾಮಶಾಸ್ತ್ರದ ಚರ್ಚೆ ಹೊಸದಲ್ಲ. 11ನೇ ಶತಮಾನದ ಚಂದ್ರರಾಜನ 'ಮದನತಿಲಕ', 15ನೇ ಶತಮಾನದ ಕಲ್ಲರಸನ 'ಜನವಶ್ಯ' ಆ ವಿಷಯಕ್ಕೇ ಮೀಸಲಾದವು. ಆದರೆ ಅವೆರಡೂ ಪುರುಷರು ಬರೆದವು. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಂಚಿಯ ಹೊನ್ನಮ್ಮ ಸ್ತ್ರೀಯಾಗಿ ಬರೆದಳು. 'ಹದಿಬದೆಯ ಧರ್ಮ'ದ ವಿಷಯ ಪತಿವ್ರತೆಯ ನಡತೆ. ಆಧುನಿಕ ಕಾಲದಲ್ಲಿ ವೈದ್ಯೆ ಮತ್ತು ಕಾದಂಬರಿಕಾರ್ತಿ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ'ಯ ಮೂಲಕ ಓದುಬಲ್ಲ ಗೃಹಿಣಿಯರಿಗೆ ಈ ವಿಷಯವನ್ನು ಸಂಕೋಚವಿಲ್ಲದೆ ತಲುಪಿಸಿದರು.

2015ರಲ್ಲಿ ಮೈಸೂರಿನ ಮನೋವೈದ್ಯ ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಗ್ರಾಮೀಣ ಜನರಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಸ್ತ್ರೀಯರಲ್ಲಿ ಸುಮಾರು ಶೇ. 14 ಮಂದಿಗೆ ಒಂದಲ್ಲ ಒಂದು ಲೈಂಗಿಕ ದೋಷವೂ, ಶೇ. 8.87 ಮಂದಿಗೆ ಆಸಕ್ತಿಯ ಕೊರತೆಯೂ ಕಂಡುಬಂತು. ಲಾಮನ್ ಅವರ ಶೇ. 43ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಎಣಿಕೆಯ ವಿಧಾನ ಬದಲಾದಂತೆ ರೋಗಿಗಳ ಸಂಖ್ಯೆಯೂ ಎಷ್ಟು ಬದಲಾಗಬಹುದೆಂಬುದು ಕಾಣುತ್ತದೆ.

ಮಂಡ್ಯ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಬೇಸಾಯದ ಮನೆಯ ಹೆಂಗಸಿನ ದಿನ ಕೊಟ್ಟಿಗೆಯಲ್ಲಿ ಆರಂಭವಾಗುತ್ತದೆ. ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿ, ಕಳೆ ತೆಗೆಯಲು ಹೊಲಗದ್ದೆಗೆ ಹೋಗಿ, ಸಂಜೆ ಮತ್ತೆ ಹಾಲು ಕರೆಯುವವಳ ಬಯಕೆಯನ್ನು ಅಳೆಯುವಾಗ ಆಯಾಸವನ್ನು ಬಿಟ್ಟು ಲೆಕ್ಕ ಹಾಕಲಾಗದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ವಿವಾಹಿತೆಯರಲ್ಲಿ ಸುಮಾರು ಶೇ. 44 ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. ಹೊಡೆಯುವವನ ಬಗ್ಗೆ ಬಯಕೆ ಹುಟ್ಟದಿರುವುದನ್ನು ರೋಗವೆಂದು ಕರೆಯುವುದು ಹೇಗೆ ಎಂಬುದೇ ವಿಮರ್ಶಕರ ಮುಖ್ಯ ಪ್ರಶ್ನೆ. ಕಾನೂನು ಸಹ ಇಲ್ಲಿ ಅಸ್ಪಷ್ಟ. ಭಾರತೀಯ ನ್ಯಾಯ ಸಂಹಿತೆಯು ವಯಸ್ಕ ಪತ್ನಿಯೊಂದಿಗೆ ಪತಿಯ ಬಲವಂತದ ಸಂಭೋಗವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟ್ ಅಂಥದೊಂದು ಪ್ರಕರಣದಲ್ಲಿ ಪತಿಯ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಕಾಮಶಕ್ತಿ ಹೆಚ್ಚಿಸುವ ಔಷಧಿಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಬಸ್ ನಿಲ್ದಾಣದ ಗೋಡೆಗಳನ್ನು ನೋಡಿದವರಿಗೆ ಆ ಕಾಯ್ದೆಯ ಬಲ ಎಷ್ಟೆಂದು ತಿಳಿದೀತು. ಆಸಕ್ತಿ ಕುಂದಿದೆಯೆಂದು ಬಂದವರಲ್ಲಿ ವೈದ್ಯರು ಮೊದಲು ನೋಡಬೇಕಾದವು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಮಗುವಿಗೆ ಹಾಲೂಡಿಸುತ್ತಿರುವಿಕೆ, ಸಂಭೋಗದಲ್ಲಿ ನೋವು, ಖಿನ್ನತೆ ಮತ್ತು ಖಿನ್ನತೆಗೆ ತೆಗೆದುಕೊಳ್ಳುವ ಗುಳಿಗೆಗಳು. ಆ ಗುಳಿಗೆಗಳೇ ಆಸಕ್ತಿಯನ್ನು ಕುಗ್ಗಿಸುವುದುಂಟು. ಇವುಗಳಲ್ಲಿ ಹೆಚ್ಚಿನವನ್ನು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿಯೇ ಗುರುತಿಸಬಹುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಸ್ಥಾಪನೆಯಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜೂ, ಮಂಡ್ಯ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇವೆ. ಗಂಡನೋ ಅತ್ತೆಯೋ ಪಕ್ಕದಲ್ಲಿ ಕುಳಿತಿರುವಾಗ ಆಕೆ ನಿಜ ಹೇಳಲಾರಳಾದ್ದರಿಂದ, ಪರೀಕ್ಷೆಯ ಒಂದು ಭಾಗವಾದರೂ ಆಕೆಯೊಬ್ಬಳೊಂದಿಗೇ ನಡೆಯುವುದು ಅಗತ್ಯ.