ಒಳಲೆ, ಬಾಟ್ಲಿ, ಲೋಟ

ಎರಡು ವರ್ಷ ತುಂಬಿದ ಕೂಸು ನಿಪ್ಪಲ್ ಬಾಟ್ಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓಡಾಡುವುದನ್ನು ನಾವು ದಾವಣಗೆರೆಯ ಆಜಾದ್ ನಗರದಲ್ಲೂ ನೋಡುತ್ತೇವೆ, ಪಿ.ಜೆ. ಬಡಾವಣೆಯಲ್ಲೂ ನೋಡುತ್ತೇವೆ. ಹರಿಹರದ ಓಣಿಗಳಲ್ಲೂ ಅದೇ ನೋಟ. ಈ ಬಾಟ್ಲಿ ಬಿಡಿಸಿ ಲೋಟ ಹಿಡಿಸುವುದು ಹೇಗೆ ಎಂದು ತಾಯಂದಿರು ಮಕ್ಕಳ ಡಾಕ್ಟರರನ್ನು ಕೇಳುತ್ತಾರೆ. ನಮ್ಮ ಅಜ್ಜಿಯರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವರು ಬಿಡಿಸಬೇಕಾಗಿದ್ದುದು ಎದೆಹಾಲನ್ನು. ಅದರ ಜೊತೆಗೆ ಬೇರೆ ಹಾಲು ಬೇಕಾದರೆ ಒಳಲೆ ಇತ್ತು.

ಒಳಲೆ ಎಂದರೆ ಅಂಗೈಯಲ್ಲಿ ಹಿಡಿಸುವ, ಕೊಕ್ಕಿನಂತೆ ಒಂದು ಕಡೆ ಚೂಪಾಗಿ ಚಾಚಿದ ಪುಟ್ಟ ಪಾತ್ರೆ. ತಮಿಳರು ಪಾಲಾಡೈ ಎನ್ನುತ್ತಾರೆ. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು. ಹಾಲು, ನೀರು, ಬಜೆ ತೇಯ್ದ ರಸ, ಹರಳೆಣ್ಣೆ ಎಲ್ಲಕ್ಕೂ ಅದೊಂದೇ. ಹಿತ್ತಾಳೆಯಲ್ಲಿ ಹಾಲು ಕಿಲುಬಬಾರದೆಂದು ಕಲಾಯಿ ಹಾಕಿಸುತ್ತಿದ್ದರು. ತಿದಿ ಒತ್ತುತ್ತಾ, ನವಸಾಗರದ ಹೊಗೆ ಎಬ್ಬಿಸುತ್ತಾ ಊರೂರು ಸುತ್ತುತ್ತಿದ್ದ ಕಲಾಯಿಯವರಲ್ಲಿ ನಮ್ಮವರೇ ಬಹಳ. ಲಿಂಗಾಯತರ ಮನೆಯ ಕೂಸು ಕುಡಿಯುವ ಒಳಲೆಗೆ ಸಾಬರ ಕೈಯ ತವರ ಹೊಳಪು ಕೊಡುತ್ತಿತ್ತು. ಇತಿಹಾಸದ ಪುಸ್ತಕಗಳಿಗೆ ಇಂಥ ಸಂಗತಿಗಳು ಬೇಕಾಗುವುದಿಲ್ಲ.

ಹಾಗೆಂದು ಒಳಲೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಮೂಗು ಹಿಡಿದು, ಅಳುವ ಬಾಯಿಗೆ ಹಾಲು ಸುರಿದು, ಅದು ಶ್ವಾಸಕೋಶಕ್ಕೆ ಇಳಿದು ಕೂಸು ಸತ್ತದ್ದೂ ಉಂಟು. ಆದರೆ ಒಳಲೆಗೆ ಒಂದು ಗುಣವಿತ್ತು. ಅದನ್ನು ಹಿಡಿಯಲು ದೊಡ್ಡವರ ಕೈ ಬೇಕು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಮುಖ ನೋಡುತ್ತಾ, ಗುಟುಕು ಗುಟುಕಾಗಿ ಕುಡಿಸಬೇಕು. ಹೀಗೆ ಕುಡಿದ ಕೂಸಿಗೆ ಮುಂದೆ ಲೋಟ ಹೊಸದಾಗಿ ಕಾಣುತ್ತಿರಲಿಲ್ಲ.

ಉರ್ದುವಿನಲ್ಲಿ ಹಾಲು ಬಿಡಿಸುವುದಕ್ಕೆ 'ದೂಧ್ ಛುಡಾನಾ' ಎನ್ನುವುದುಂಟು. ಹಿರಿಯ ಹೆಂಗಸರು ಮಾತ್ರ 'ದೂಧ್ ಬಢಾನಾ', ಅಂದರೆ ಹಾಲು ಹೆಚ್ಚಿಸುವುದು, ಎನ್ನುತ್ತಿದ್ದರು. ಕನ್ನಡದಲ್ಲಿ ದೀಪ ಆರಿಸುವುದಕ್ಕೆ 'ದೀಪ ದೊಡ್ಡದು ಮಾಡು' ಎನ್ನುತ್ತೇವಲ್ಲ, ಹಾಗೆ. ಮುಗಿಯುವುದನ್ನು ಮುಗಿಯಿತು ಎನ್ನಲು ಎರಡೂ ಭಾಷೆಗಳಿಗೆ ಮನಸ್ಸಿಲ್ಲ. ಕುರ್‌ಆನಿನ ಅಲ್ ಬಕರಾ ಅಧ್ಯಾಯದ 233ನೆಯ ವಚನ ಎದೆಹಾಲಿಗೆ ಪೂರ್ತಿ ಎರಡು ವರ್ಷದ ಅವಧಿ ಹೇಳುತ್ತದೆ. ಅದಕ್ಕೆ ಮೊದಲೇ ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಸಮಾಲೋಚಿಸಿ, ಒಪ್ಪಿ ಮಾಡಬೇಕೆನ್ನುತ್ತದೆ. ಎದೆಗೆ ಬೇವು ಹಚ್ಚುವ ಕೆಲಸವನ್ನು ತಾಯಿಯೊಬ್ಬಳಿಗೇ ಬಿಟ್ಟು ಹೊರಗೆ ಬೀಡಿ ಸೇದುತ್ತಾ ಕುಳಿತ ಗಂಡಸರು ಈ ವಚನದ ಎರಡನೆಯ ಭಾಗವನ್ನು ಓದಿದಂತಿಲ್ಲ.

ಬಾಟ್ಲಿಯ ಕತೆ ಬೇರೆ ಕಡೆ ಶುರುವಾಗುತ್ತದೆ. 1845ರಲ್ಲಿ ನ್ಯೂಯಾರ್ಕಿನಲ್ಲಿ ರಬ್ಬರ್ ನಿಪ್ಪಲ್‌ಗೆ ಪೇಟೆಂಟ್ ಸಿಕ್ಕಿತು. ಯುರೋಪಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯ ಬಾಟ್ಲಿಗಳು ಬಂದವು. ಕೂಸನ್ನು ಮಲಗಿಸಿ ಕೊಳವೆ ಬಾಯಿಗಿಟ್ಟರೆ ಸಾಕು, ಯಾರೂ ಹಿಡಿಯಬೇಕಿಲ್ಲ. ಕೊಳವೆ ತೊಳೆಯಲು ಆಗದೆ, ಒಳಗೆ ಹಾಲು ಕೊಳೆತು ಮಕ್ಕಳು ಸತ್ತರು. ಅವಕ್ಕೆ 'ಕೊಲೆ ಬಾಟ್ಲಿ' ಎಂದೇ ಹೆಸರು ಬಿತ್ತು. ಫ್ರಾನ್ಸ್ 1910ರಲ್ಲಿ ಅವನ್ನು ಕಾನೂನಿನಿಂದಲೇ ನಿಷೇಧಿಸಿತು. 1939ರಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಸಿಂಗಾಪುರದ ರೋಟರಿ ಕ್ಲಬ್ಬಿನಲ್ಲಿ ಮಾತಾಡುತ್ತಾ, ಡಬ್ಬಿ ಹಾಲನ್ನು ಶಿಶು ಆಹಾರವೆಂದು ಪ್ರಚಾರ ಮಾಡಿ ಆಗುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕು ಎಂದರು.

ನಮ್ಮ ದೇಶದಲ್ಲಿ ಇದಕ್ಕೆ ಮೈಸೂರಿನ ನಂಟಿದೆ. ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದರು. ಆನಂದದ ಅಮೂಲ್ ಅದನ್ನು ಡಬ್ಬಿಗೆ ತುಂಬಿತು. ವಿದೇಶಿ ಡಬ್ಬಿಗಳ ಆಮದು ತಪ್ಪಿಸುವುದು ಅದರ ಉದ್ದೇಶ, ಅದು ಈಡೇರಿತು ಕೂಡ. ಆದರೆ ಡಬ್ಬಿಯ ಬೆನ್ನಿಗೇ ಬಾಟ್ಲಿಯೂ ಸಣ್ಣ ಊರುಗಳ ಔಷಧಿ ಅಂಗಡಿಗೆ ಬಂತು. ಡಬ್ಬಿ ತಿಂಗಳು ಪೂರ್ತಿ ಬರಲಿ ಎಂದು ಬಡವರು ಪುಡಿ ಕಡಿಮೆ ಮಾಡಿ ನೀರು ಹೆಚ್ಚು ಮಾಡಿದರು.

ದಾವಣಗೆರೆ, ಹರಿಹರಗಳಲ್ಲಿ ಬಾಟ್ಲಿ ನೆಲೆಯೂರಿದ್ದಕ್ಕೆ ತಾಯಂದಿರ ಷೋಕಿ ಕಾರಣ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಇವು ದುಡಿಮೆಯ ಊರುಗಳು. ಹತ್ತಿ ಗಿರಣಿಗಳು ಮುಚ್ಚಿದವು, 1941ರಲ್ಲಿ ಹರಿಹರಕ್ಕೆ ಬಂದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಗಂಡಸರ ಸಂಬಳ ನಿಂತ ಮನೆಗಳನ್ನು ಹೆಣ್ಣುಮಕ್ಕಳು ಬೀಡಿ ಕಟ್ಟಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿದು ನಡೆಸಿದರು. ಬೀಡಿಗೆ ಸಾವಿರಕ್ಕಿಷ್ಟು ಎಂದು ಕೂಲಿ. ಮೊರ ತೊಡೆಯ ಮೇಲಿದ್ದರೆ ಕೂಸಿಗೆ ಮಡಿಲಿಲ್ಲ. ತಂಬಾಕು ಮೆತ್ತಿದ ಕೈಯಲ್ಲಿ ಒಳಲೆ ಹಿಡಿಯುವುದೆಂತು? ಬಾಟ್ಲಿಯನ್ನು ಕೂಸು ತಾನೇ ಹಿಡಿದುಕೊಳ್ಳುತ್ತದೆ, ಇಲ್ಲವೇ ಆರು ವರ್ಷದ ಅಕ್ಕ ಹಿಡಿಯುತ್ತಾಳೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಶಿಶುಪಾಲನಾ ಕೋಣೆಯ ಮಾತಾಡಿತು ನಿಜ. ಅದು ಹೆಂಗಸರು ಒಟ್ಟಿಗೆ ಕೂತು ದುಡಿಯುವ ಕಾರ್ಖಾನೆಗೆ. ಮನೆಯ ಜಗುಲಿಯಲ್ಲಿ ಬೀಡಿ ಕಟ್ಟುವವಳಿಗೆ ಕೋಣೆಯೂ ಇಲ್ಲ, ಆಯಾಳೂ ಇಲ್ಲ.

1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಒಪ್ಪಿತು. ಅಮೆರಿಕ ಒಂದೇ ವಿರುದ್ಧ ಮತ ಹಾಕಿತು. ಭಾರತದ 1992ರ ಕಾಯ್ದೆ ಹಾಲಿನ ಪುಡಿ ಮತ್ತು ಬಾಟ್ಲಿಗಳ ಜಾಹೀರಾತನ್ನು ತಡೆಯಿತು. 2003ರ ತಿದ್ದುಪಡಿ ಎರಡು ವರ್ಷದವರೆಗಿನ ಶಿಶು ಆಹಾರವನ್ನೂ ಅದರೊಳಗೆ ತಂದಿತು. ಜಾಹೀರಾತು ನಿಂತಿತು, ಬಾಟ್ಲಿ ನಿಲ್ಲಲಿಲ್ಲ.

ಅದರ ಫಲ ಹಲ್ಲಿನ ಮೇಲೆ ಕಾಣುತ್ತದೆ. ದಾವಣಗೆರೆಯ ಶಾಲಾಪೂರ್ವ ಮಕ್ಕಳ ಬಗ್ಗೆ 2008ರಲ್ಲಿ ದಂತವೈದ್ಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಹಾಲೂಡಿಕೆಯ ರೀತಿಯಿಂದ ಬರುವ ಹುಳುಕಿತ್ತು. ಸಕ್ಕರೆ ಹಾಲಿನ ಬಾಟ್ಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಮೇಲಿನ ಮುಂಬಲ್ಲುಗಳು ಮೊದಲು ಹೋಗುತ್ತವೆ. ಹಾಲಿನಲ್ಲೇ ಹೊಟ್ಟೆ ತುಂಬಿದ್ದಕ್ಕೆ ಅದು ರಾಗಿ, ಬೇಳೆ, ಸೊಪ್ಪು ಮುಟ್ಟುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಕಡಿಮೆ, ರಕ್ತಹೀನತೆ ಬರುತ್ತದೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಸಾಕು.

ವೈದ್ಯರು ಈಗ ಹೇಳುವ ಕ್ರಮ ಅಜ್ಜಿಯರದ್ದಕ್ಕೆ ದೂರವಿಲ್ಲ. ಬಾಟ್ಲಿಯನ್ನೇ ಮುಟ್ಟದಿದ್ದರೆ ಒಳ್ಳೆಯದು. ಮುಟ್ಟಿದ್ದರೆ ಆರು ತಿಂಗಳಿಗೆ ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ನೀರಿನಿಂದ ಆರಂಭಿಸಿ, ವರ್ಷದಿಂದ ಒಂದೂವರೆ ವರ್ಷದೊಳಗೆ ಬಾಟ್ಲಿ ಬಿಡಿಸಬೇಕು. ಮೊದಲು ಮಧ್ಯಾಹ್ನದ ಬಾಟ್ಲಿ, ನಾಲ್ಕೈದು ದಿನ ಬಿಟ್ಟು ಬೆಳಗಿನದು, ಕೊನೆಗೆ ರಾತ್ರಿಯದು. ರಾತ್ರಿಯದಕ್ಕೇ ಹಟ ಜಾಸ್ತಿ. ಹಾಲನ್ನು ಲೋಟದಲ್ಲಿ ಊಟದ ಜೊತೆ ಕೊಟ್ಟು, ಹಲ್ಲುಜ್ಜಿಸಿ, ಬಾಟ್ಲಿಯ ಜಾಗದಲ್ಲಿ ಲಾಲಿಯೋ ಲೋರಿಯೋ ಇರಲಿ. ಅಂಗಿಯ ಮೇಲೆ ಚೆಲ್ಲಿದರೆ ಬೈಯಬಾರದು. ಅಂಗಡಿಯ ಸಿಪ್ಪರ್ ಎಂಬುದು ಬಾಟ್ಲಿಯ ತಮ್ಮನೇ, ಅದಕ್ಕೆ ದುಡ್ಡು ಹಾಕಬೇಕಿಲ್ಲ.

ಇದಕ್ಕೆಲ್ಲ ಹೊತ್ತಿಗೆ ಕಾಲು ಗಂಟೆ ಬೇಕು. ಆ ಕಾಲು ಗಂಟೆಯಲ್ಲಿ ಕಟ್ಟದೆ ಉಳಿದ ಬೀಡಿಯ ಲೆಕ್ಕ ಯಾರ ತಲೆಗೆ? 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು 'ಕೂಸಿನ ಮನೆ' ಯೋಜನೆ ತಂದಿತು, ಮೂರು ವರ್ಷದವರೆಗಿನ ಕೂಸುಗಳಿಗೆ. ಅದು ಹಳ್ಳಿಗೆ. ಆಜಾದ್ ನಗರದ ಬೀಡಿ ಮೊರದ ಪಕ್ಕದ ಕೂಸು ನಗರದ್ದು.