0819 - ಅಳಿಸದೇ ಉಳಿದ ಹಳೇ ಚಿತ್ರದುರ್ಗ ಜಿಲ್ಲೆ

ಲ್ಯಾಂಡ್‌ಲೈನ್ ಕಾಲದ ನಮ್ಮ ಕಡೆಯವರಿಗೆ ಈ ಅಂಕಿಗಳು ಬಾಯಿಪಾಠ. ಹೊಳಲ್ಕೆರೆ 08191, ಹಿರಿಯೂರು 08193, ಚಿತ್ರದುರ್ಗ 08194, ಹೊಸದುರ್ಗ 08199. ಸರಿ, ನಡುವಿನ 08192 ಎಲ್ಲಿ ಹೋಯ್ತು?

ಅದು ದಾವಣಗೆರೆ! 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾಯ್ತು. ಜಗಳೂರೂ ಅದರ ಜೊತೆಗೆ ಹೋಯ್ತು, ಆದರೆ ಅದರ ಕೋಡ್ ಇವತ್ತಿಗೂ 08196. ಅದೇ ದಿನ ಶಿವಮೊಗ್ಗದಿಂದ ಬಂದು ದಾವಣಗೆರೆ ಸೇರಿದ ಹೊನ್ನಾಳಿ (08188), ಚನ್ನಗಿರಿಗಳು (08189) ಈಗಲೂ ಶಿವಮೊಗ್ಗದ 0818ರ ಸಾಲಿನಲ್ಲೇ ಇವೆ. ಸರ್ಕಾರ ನಕ್ಷೆ ಬದಲಿಸಿತು, ಟೆಲಿಫೋನ್ ಯಂತ್ರ ಮಾತ್ರ ಹಳೇ ನಕ್ಷೆಯನ್ನೇ ನೆನಪಿಟ್ಟುಕೊಂಡಿತು. ನನಗೆ ಇದು ಒಂದು ಶಾಸನದ ಹಾಗೆ ಕಾಣುತ್ತದೆ.

ಹೀಗೇಕೆ ಅಂದರೆ, ಈ ಅಂಕಿಗಳು ಇರುವುದು ಮುಖ್ಯವಾಗಿ ಯಂತ್ರ ಓದಲಿಕ್ಕೆ. ಬೆಂಗಳೂರಿನಿಂದ ಕರೆ ಮಾಡಿದರೆ ಅಲ್ಲಿನ ಎಕ್ಸ್‌ಚೇಂಜಿಗೆ ನಿಮ್ಮ ಮನೆ ಎಲ್ಲಿದೆ ಎಂದು ತಿಳಿಯಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ಕರೆಯನ್ನು ಆ ದಿಕ್ಕಿನ ಲೈನಿಗೆ ಹಾಕಿದರೆ ಸಾಕು, ಮುಂದಿನದ್ದನ್ನು ಮುಂದಿನ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತದೆ.

ಈ ಕೆಲಸ ಮಾಡುವ ಸ್ವದೇಶಿ ಯಂತ್ರ ಹಳ್ಳಿಗೆ ಬಂದ ಕಥೆಯೂ ಕರ್ನಾಟಕದ್ದೇ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ಕಿತ್ತೂರಿನಲ್ಲಿ. ಊರಿನ ಲೈನು, ಹೊರಗಿನ ಟ್ರಂಕ್ ಲೈನು ಎಲ್ಲ ಸೇರಿ 128 ಪೋರ್ಟು. ಎ.ಸಿ. ಬೇಡ, ಬಿಸಿಲು ಧೂಳು ತಡೆಯುತ್ತಿತ್ತು. ಮುಖ್ಯ ಸಂಗತಿ ಏನೆಂದರೆ ಅದಕ್ಕೆ ಮಿದುಳು ಎರಡು. ಒಂದು ಪ್ರೊಸೆಸರ್ ಕಾರ್ಡ್ ಕೆಲಸ ಮಾಡುತ್ತಿದ್ದರೆ ಇನ್ನೊಂದು ಕಾವಲು ಕೂತಿರುತ್ತಿತ್ತು. ಮೊದಲನೆಯದು ಕೈಕೊಟ್ಟರೆ ಎರಡನೆಯದು ಹೊಣೆ ಹೊರಬೇಕು. ಇಲ್ಲದಿದ್ದರೆ ಇಡೀ ಊರೇ ಮೂಕ!

ಇವತ್ತಿನ ಇಂಟರ್ನೆಟ್ಟಿನ ದೊಡ್ಡ ರೌಟರ್ ಬಿಚ್ಚಿದರೂ ಇದೇ ಉಪಾಯ ಕಾಣುತ್ತದೆ. ಅದರ ಪ್ರೊಸೆಸರ್ ಮಾಡ್ಯೂಲ್ ಒಂದು ಪುಟ್ಟ ಕಂಪ್ಯೂಟರ್. ಸಿ.ಪಿ.ಯು., ಕೆಲಸಕ್ಕೆ ರ್‍ಯಾಮ್, ತಂತ್ರಾಂಶವನ್ನೂ ಸೆಟ್ಟಿಂಗುಗಳನ್ನೂ ಕರೆಂಟ್ ಹೋದರೂ ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿ. ಅದು ಪಕ್ಕದ ರೌಟರ್‌ಗಳ ಜೊತೆ ಮಾತಾಡಿ ದಾರಿಗಳ ಪಟ್ಟಿ ತಯಾರಿಸಿ, ಅದರ ಪ್ರತಿಯನ್ನು ಲೈನ್ ಕಾರ್ಡುಗಳಿಗೆ ಕೊಡುತ್ತದೆ. ಪ್ಯಾಕೆಟ್‌ಗಳನ್ನು ಸಾಗಿಸುವುದು ಆ ಕಾರ್ಡುಗಳ ಚಿಪ್‌ಗಳು. ಹಾಗಾಗಿ ಒಂದು ಮಾಡ್ಯೂಲ್ ಸತ್ತು ಜೋಡಿ ಮಾಡ್ಯೂಲ್ ಎದ್ದೇಳುವ ತನಕವೂ ಸಂಚಾರ ನಿಲ್ಲದಂತೆ ಮಾಡಬಹುದು. ದಾರಿ ಹುಡುಕುವ ರೀತಿಯೂ ಹಳೆಯದೇ: ವಿಳಾಸದ ಮೊದಲ ಭಾಗ ಯಾವ ಸಾಲಿಗೆ ಅತಿ ಹೆಚ್ಚು ಉದ್ದ ಹೊಂದುತ್ತದೋ ಆ ದಾರಿ. 0819ಕ್ಕಿಂತ 08199 ಹೆಚ್ಚು ಖಚಿತ ಅಲ್ವಾ, ಹಾಗೆ!

ಆದರೆ ಒಂದು ವ್ಯತ್ಯಾಸ ಉಂಟು. ಐ.ಪಿ. ವಿಳಾಸದ ಅಂಕಿಗಳಲ್ಲಿ ಹೊಸದುರ್ಗ ಕಾಣುವುದಿಲ್ಲ, ಹಿರಿಯೂರೂ ಕಾಣುವುದಿಲ್ಲ. ಮೊಬೈಲ್ ನಂಬರಿನಲ್ಲೂ ಅಷ್ಟೇ. ಅಂಕಿ ನೋಡಿ "ಓ, ನಮ್ಮ ಕಡೆಯವರು" ಎನ್ನುವ ಕಾಲ ಲ್ಯಾಂಡ್‌ಲೈನ್ ಜೊತೆಗೇ ಮುಗಿಯುತ್ತಿದೆ. ಕಲ್ಲಿನ ಶಾಸನಕ್ಕಾದರೆ ಕಾವಲಿದೆ, ಈ ಶಾಸನಕ್ಕೆ ಯಾರೂ ಇಲ್ಲ.

ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇದ್ದರೆ ತೆಗೆದು ನೋಡಿ. ಮೂಲೆಯಲ್ಲಿ ಅವಿಭಜಿತ ಚಿತ್ರದುರ್ಗ ಜಿಲ್ಲೆ ಇನ್ನೂ ಇದೆ.