ಗಾಜಿನ ಹಿಂದಿನ ರಬ್ಬರ್ ಬಳೆ

ಕಳೆದ ಮಳೆಗಾಲದಲ್ಲಿ ನಮ್ಮ ದೆಹಲಿ ಕನ್ನಡ ಬಳಗದ ಹಿರಿಯ ಮಿತ್ರರೊಬ್ಬರ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ವೇಗಮಾಪಕದ ಗಾಜಿನೊಳಗೆ ಮಂಜು ಕಟ್ಟಿತು. ಮೊದಲು ಅಂಚಿನಲ್ಲಿ ತೆಳು ಮಬ್ಬು, ವಾರ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ಹನಿಗಳು. ಮಿತ್ರರು ಆ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸುವ ಸಿದ್ಧತೆಯಲ್ಲಿದ್ದರು. ವಿದೇಶದಿಂದ ಹೊಸ ಮಾಪಕಗಳನ್ನೇ ತರಿಸಿ ಕೂರಿಸಿಬಿಡಿ, ಪಳಪಳ ಹೊಳೆಯುತ್ತವೆ ಎಂದು ಕೆಲವರು ಸಲಹೆಯಿತ್ತರು. ಸರ್ಕಾರಿ ನಿಯಮಾವಳಿಗಳನ್ನು ಓದಿ ಅರ್ಥ ಹೇಳುವುದು ನಮ್ಮ ಹೊಟ್ಟೆಪಾಡಾದ್ದರಿಂದ ವಿಷಯ ನಮ್ಮ ಬಳಿಗೆ ಬಂತು. ಓದುತ್ತ ಹೋದಂತೆ ನಿಯಮಕ್ಕಿಂತ ಆ ಮಾಪಕದ ಚರಿತ್ರೆಯೇ ನಮ್ಮನ್ನು ಹಿಡಿದು ನಿಲ್ಲಿಸಿತು.

ಮೋಟಾರು ಕಾರಿನ ಮಾಪಕಗಳು ಗಡಿಯಾರದ ವಂಶದವು. ಲಂಡನ್ನಿನ ಸ್ಮಿತ್ಸ್ ಸಂಸ್ಥೆ 1851ರಲ್ಲಿ ಗಡಿಯಾರದ ಅಂಗಡಿಯಾಗಿ ಆರಂಭವಾದದ್ದು. 1904ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಕಾರಿಗೆ ವೇಗಮಾಪಕ ಒದಗಿಸಿ ಹೆಸರಾಯಿತು. ಅದಕ್ಕೂ ಎರಡು ವರ್ಷ ಮೊದಲು, 1902ರಲ್ಲಿ, ಜರ್ಮನಿಯ ಓಟೊ ಶುಲ್ಟ್ಸೆ ಅಯಸ್ಕಾಂತದ ವೇಗಮಾಪಕಕ್ಕೆ ಪೇಟೆಂಟ್ ಪಡೆದಿದ್ದ. ಗೇರ್‌ಬಾಕ್ಸಿನಿಂದ ಬರುವ ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ತನ್ನನ್ನು ಮುಟ್ಟದೆಯೇ ನಿಂತ ಲೋಹದ ಬಟ್ಟಲನ್ನು ಸೆಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಆ ಸೆಳೆತವನ್ನು ತಡೆಯುತ್ತದೆ. ಇವೆರಡರ ಜಗ್ಗಾಟ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಇಷ್ಟು ನಾಜೂಕಿನ ಸಂಸಾರಕ್ಕೆ ತೇವ ಹೊಕ್ಕರೂ ಕೇಡು, ದೂಳು ಹೊಕ್ಕರೂ ಕೇಡು. ಇವೆರಡನ್ನೂ ಹೊರಗಿಡುವ ಕಾವಲುಗಾರ ಗಾಜಿನ ಅಂಚಿಗೆ ಕೂರುವ ಒಂದು ತೆಳ್ಳನೆಯ ರಬ್ಬರ್ ಬಳೆ. ಕಾರಿನ ಅತ್ಯಂತ ಅಗ್ಗದ ಬಿಡಿಭಾಗಗಳಲ್ಲಿ ಅದೂ ಒಂದು. ಎಲ್ಲಕ್ಕಿಂತ ಮೊದಲು ಸಾಯುವುದೂ ಅದೇ. ಗಾಳಿಯಲ್ಲಿರುವ ಓಜೋನ್ ಸಹಜ ರಬ್ಬರನ್ನು ಬಿರಿಯಿಸುತ್ತದೆ, ಬಿಸಿಲು ಗಡಸಾಗಿಸುತ್ತದೆ. ದೆಹಲಿಯ ಮೇ ತಿಂಗಳಲ್ಲಿ ಇವೆರಡಕ್ಕೂ ಬರವಿಲ್ಲ. ಜೊತೆಗೆ ರಾಜಸ್ಥಾನದ ಕಡೆಯಿಂದ ಬೀಸುವ ಆಂಧಿಯ ದೂಳು.

ಇಂಗ್ಲೆಂಡಿನಲ್ಲಾದರೆ ಬಳೆ ಸತ್ತಾಗ ಇನ್ನೊಂದನ್ನು ಕೊಂಡು ತರಬಹುದಿತ್ತು. ಇಲ್ಲಿ ಹಾಗಿರಲಿಲ್ಲ. 1953ರ ಸುಂಕ ಆಯೋಗದ ವರದಿಯ ತರುವಾಯ, ದೇಶದೊಳಗೆ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್‌ನಂಥ ಸಂಸ್ಥೆಗಳು ಇಲ್ಲಿಂದ ಹೊರಟವು. ವಿದೇಶಿ ಕಾರಿನ ಆಮದಿಗೆ ಬಾಗಿಲು ಬಹುತೇಕ ಮುಚ್ಚಿತು. ಉಳಿದ ಒಂದು ಕಿಂಡಿ ಚಾಣಕ್ಯಪುರಿಯಲ್ಲಿತ್ತು: ರಾಯಭಾರ ಕಚೇರಿಗಳವರು ತಮ್ಮ ಬಳಕೆಗೆ ತಂದ ಕಾರುಗಳು, 1956ರಲ್ಲಿ ಸ್ಥಾಪನೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಭಾರತೀಯರ ಕೈಸೇರುತ್ತಿದ್ದವು. ಮಿತ್ರರ ಸ್ಪಿಟ್‌ಫೈರ್ ಬಂದದ್ದೂ ಅದೇ ದಾರಿಯಲ್ಲಿ. ಕಾಗದಗಳ ಕಡತದಲ್ಲಿ ಆ ನಿಗಮದ ಮೊಹರು ಇಂದಿಗೂ ನೇರಳೆಯಾಗಿಯೇ ಇದೆ. ಕಾರೇನೋ ಬಂತು, ಅದರ ಬಿಡಿಭಾಗಗಳು ಬರಲಿಲ್ಲ.

ಆದರೂ ಅದು ಪೂರ್ತಿ ಅನಾಥವಾಗಲಿಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ತಯಾರಿಸುತ್ತಿತ್ತು. 1962ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಸ್ಪಿಟ್‌ಫೈರ್ ಆ ಹೆರಾಲ್ಡಿನದೇ ಚಾಸಿಯನ್ನು ಮೊಟಕುಗೊಳಿಸಿ ಕಟ್ಟಿದ್ದು. ಎರಡರ ರೂಪವನ್ನೂ ಬರೆದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಹೀಗೆ ಸೂಟುಬೂಟಿನ ತಮ್ಮನಿಗೆ ಮದರಾಸಿನ ಮಧ್ಯಮವರ್ಗದ ಅಣ್ಣನೊಬ್ಬ ಆಸರೆಯಾದ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕಶ್ಮೀರಿ ಗೇಟಿನ ಅಂಗಡಿಸಾಲಿನಲ್ಲೋ ಹುಡುಕಿದರೆ ಏನಾದರೊಂದು ಸಿಗುತ್ತಿತ್ತು. ಸಿಗದಿದ್ದರೆ ಮಿಸ್ತ್ರಿಯ ಕತ್ತರಿ ಇದ್ದೇ ಇತ್ತು.

ಆ ಕತ್ತರಿಯ ಗುರುತು ನಮಗೆ ಕಂಡದ್ದು ಮಾಪಕವನ್ನು ಬಿಚ್ಚಿದಾಗ. ಮೊದಲ ಸ್ಪಿಟ್‌ಫೈರ್‌ಗಳಲ್ಲಿ ಮಾಪಕಗಳು ಚಾಲಕನ ಎದುರಿಗಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇರುತ್ತವೆ. ಎಡಗೈ ದೇಶಕ್ಕೂ ಬಲಗೈ ದೇಶಕ್ಕೂ ಒಂದೇ ಹಲಗೆ ಸಾಕಾಗಲೆಂಬ ಲೆಕ್ಕಾಚಾರ. ಹೊರಗೆ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಕ್ರೋಮಿನ ಅಂಚುಪಟ್ಟಿಯಲ್ಲಿ. ಅದರ ಒಳಗಿನ ಪುಟ್ಟ ನಾಲಗೆಗಳು ಡಬ್ಬಿಯ ಅಂಚನ್ನು ಕಚ್ಚಿಕೊಂಡಿರುತ್ತವೆ. ಡಬ್ಬಿಯಲ್ಲಿ ಕೊರೆದ ಕಚ್ಚುಗಳಿಗೆ ಅವು ಎದುರಾಗುವವರೆಗೆ ಪಟ್ಟಿಯನ್ನು ತಿರುಗಿಸಬೇಕು. ಅರುವತ್ತು ವರ್ಷ ಕಚ್ಚಿಕೊಂಡ ನಾಲಗೆ ಬಲವಂತಕ್ಕೆ ಮುರಿಯುತ್ತದೆ. ನಾವು ಕಂಡ ಉಸ್ತಾದರು ಎಪ್ಪತ್ತು ದಾಟಿದವರು. ಎರಡು ದಿನ ಎಣ್ಣೆ ಬಿಟ್ಟು ಕಾದರು, ಮೂರನೆಯ ದಿನ ಹೆಬ್ಬೆರಳುಗಳಿಂದಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದರು. ಗಾಜು ಎತ್ತಿದಾಗ ಅಡಿಯಲ್ಲಿ ಸಿಕ್ಕ ಬಳೆ ಇಂಗ್ಲೆಂಡಿನದಾಗಿರಲಿಲ್ಲ. ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮಾಡಿದ್ದು. ಟ್ಯೂಬಿನ ಬೆಸುಗೆಯ ಗೆರೆ ಇನ್ನೂ ಕಾಣುತ್ತಿತ್ತು. ಉಸ್ತಾದರು ಅದನ್ನು ಬೆಳಕಿಗೆ ಹಿಡಿದು ನಕ್ಕರು: "ಸಾಬ್, ಇದು ನಮ್ಮವರ ಕೆಲಸ."

ಮುಖಫಲಕವನ್ನು ಅವರು ನೀರಿನಿಂದ ಒರೆಸಲಿಲ್ಲ. ಒಣ ಕುಂಚದಿಂದ ದೂಳು ತೆಗೆದರು, ಅಷ್ಟೆ. ಒದ್ದೆ ಬಟ್ಟೆ ತಾಗಿದರೆ ಅಂಕಿಗಳೇ ಎದ್ದುಬರಬಹುದು. ಇಲ್ಲೊಂದು ಎಚ್ಚರಿಕೆಯ ಮಾತು. ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಕೆಲವು ಮಾಪಕಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಸತ್ತರೂ ವಿಕಿರಣ ಸಾಯದು. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅಂಥವನ್ನು ಮನೆಯಲ್ಲಿ ಬಿಚ್ಚಲೇಬಾರದು. 2010ರಲ್ಲಿ ಮಾಯಾಪುರಿಯ ಗುಜರಿಗೆ ಬಂದ ಕೋಬಾಲ್ಟ್ ಒಂದು ಜೀವವನ್ನು ಬಲಿ ಪಡೆದುದನ್ನು ಕಂಡ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಿಯಮದ ಮಾತು. ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ಓಡಬಾರದೆಂದು ಹಸಿರು ನ್ಯಾಯಮಂಡಳಿ ವಿಧಿಸಿದ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2021ರ ತಿದ್ದುಪಡಿ ನಿಯಮ 50 ವರ್ಷ ಮೀರಿದ ವಾಹನಗಳಿಗೆ ಬೇರೆಯೇ ಪಂಕ್ತಿ ಹಾಕಿತು: ಫಲಕದಲ್ಲಿ 'ವಿಎ' ಅಕ್ಷರಗಳು, 20,000 ರೂಪಾಯಿ ಶುಲ್ಕ, 10 ವರ್ಷದ ಮಾನ್ಯತೆ; ಪ್ರದರ್ಶನ, ರ‍್ಯಾಲಿ ಮೊದಲಾದವಕ್ಕಷ್ಟೇ ರಸ್ತೆಗೆ ಇಳಿಯಬಹುದು. ಷರತ್ತೆಂದರೆ ವಾಹನ ಮೂಲರೂಪದಲ್ಲಿ ಇರಬೇಕು, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ರಬ್ಬರ್ ಬಳೆಯ ಪ್ರಸ್ತಾಪ ಅಲ್ಲೆಲ್ಲೂ ಇಲ್ಲ. ಡ್ಯಾಶ್‌ಬೋರ್ಡಿನ ಮಾಪಕದ್ದೂ ಇಲ್ಲ. ಕಾನೂನಿನ ಪ್ರಕಾರ ಮಿತ್ರರು ಹೊಸ ಮಾಪಕ ಕೂರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ.

ಹಾಗಿದ್ದೂ ಹಳೆಯದನ್ನೇ ಉಳಿಸಬೇಕೆಂದು ನಾವು ಹಟ ಹಿಡಿದೆವು. ಹಳದಿಗೆ ತಿರುಗಿದ ಆ ಫಲಕ, ಮೈಲಿಗಳಲ್ಲಿ ಎಣಿಸುತ್ತ ಬಂದ ಅಂಕಿಗಳು ಆ ಕಾರು ನಡೆದ ದಾರಿಯ ದಾಖಲೆ. ಕಾರಿನಲ್ಲಿ ಇನ್ನೆಲ್ಲೂ ಅದರ ನಕಲು ಪ್ರತಿಯಿಲ್ಲ. ಬಳೆಯ ಧರ್ಮ ಬೇರೆ. ತಾನು ಸವೆದು ಒಳಗಿನದನ್ನು ಕಾಯುವುದೇ ಅದರ ಕೆಲಸ. 1964ರಿಂದ ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ನಡೆಸುತ್ತ ಬಂದಿರುವ ರ‍್ಯಾಲಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಾರುಗಳನ್ನು ನಾವೂ ನೋಡಿ ಬೆರಗಾದವರೇ. ಕೆಲವು ತೀರ ಹೊಸದಾಗಿ ಕಂಡು ಮನಸ್ಸಿಗೆ ಮುಳ್ಳು ಚುಚ್ಚಿದಂತಾದದ್ದೂ ನಿಜ.

ಉಸ್ತಾದರು ಓಜೋನಿಗೆ ಬಗ್ಗದ ಕೃತಕ ರಬ್ಬರಿನ ಬಳೆ ಕೂರಿಸಿ, ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದರು. ಒಂದು ನಾಲಗೆಯೂ ಮುರಿಯಲಿಲ್ಲ. ಸೈಕಲ್ ಟ್ಯೂಬಿನ ಬಳೆಯನ್ನು ಅವರು ಕಸದ ಡಬ್ಬಿಗೆ ಹಾಕುವುದರಲ್ಲಿದ್ದರು. ಮಿತ್ರರು ಬೇಡಿ ತೆಗೆದುಕೊಂಡು ಲಕೋಟೆಯೊಂದರಲ್ಲಿಟ್ಟು, ಮೇಲೆ ದಿನಾಂಕ ಬರೆದು, ನಿಗಮದ ನೇರಳೆ ಮೊಹರಿನ ಕಾಗದದ ಹಿಂದೆ ಕಡತಕ್ಕೆ ಸೇರಿಸಿದರು.